ರೆಮಿಂಗ್ಟನ್ 788: ಒಂದು ಕಾಲದ ಅಗ್ಗದ ರೈಫಲ್ಲನ್ನು ಇಂದಿನ ಬೆಲೆಗೆ ಕೊಳ್ಳುವ ಮುನ್ನ

ರೆಮಿಂಗ್ಟನ್ ಕಂಪನಿಯು 1967ರಲ್ಲಿ 788 ಎಂಬ ಬೋಲ್ಟ್ ಆಕ್ಷನ್ (ಪ್ರತಿ ಗುಂಡಿಗೂ ಬೋಲ್ಟ್ ಎಂಬ ಉಕ್ಕಿನ ದಂಡವನ್ನು ಕೈಯಿಂದ ಎಳೆದು ತಳ್ಳುವ) ರೈಫಲ್ಲನ್ನು ಸುಮಾರು 90 ಡಾಲರಿಗೆ ಅಮೆರಿಕದ ಮಾರುಕಟ್ಟೆಗೆ ತಂದಿತು. ತನ್ನದೇ 700 ಮಾದರಿಗೆ ಹಣ ಹೊಂದಿಸಲಾಗದ ಬೇಟೆಗಾರರಿಗೂ ಒಂದು ನಂಬಿಕಸ್ಥ ಕೋವಿ ಸಿಗಲೆಂಬುದು ಅದರ ಉದ್ದೇಶವಾಗಿತ್ತು. ಹೊಳಪಿಲ್ಲದ ಲೋಹ, ಕೆತ್ತನೆಯಿಲ್ಲದ ಸಾದಾ ಮರದ ಸ್ಟಾಕ್ (ಹೆಗಲಿಗೆ ಆನಿಸುವ ಹಿಡಿಭಾಗ), ಸರಿಹೊಂದಿಸಲು ಬಾರದ ಬಿಗಿಯಾದ ಟ್ರಿಗರ್ ಇವೆಲ್ಲ ಖರ್ಚು ಉಳಿಸಲು ಮಾಡಿಕೊಂಡ ಏರ್ಪಾಡುಗಳು. ಆದರೆ ಗುರಿಯ ಮಾತು ಬಂದಾಗ ಇದು ತನಗಿಂತ ದುಬಾರಿಯಾದ ಅನೇಕ ರೈಫಲ್ಲುಗಳ ಸಮಕ್ಕೆ ನಿಂತಿತು. 1983ರಲ್ಲಿ ತಯಾರಿಕೆ ನಿಂತ ಮೇಲೂ ಬಹುಕಾಲ ಇದನ್ನು ಗಿರವಿ ಅಂಗಡಿಯ ಮೂಲೆಯ ಸಾಮಾನಾಗಿಯೇ ಜನ ಕಂಡರು. ಇಂದು ಅದೇ ರೈಫಲ್ಲಿನ ಒಳ್ಳೆಯ ಪ್ರತಿಯೊಂದಕ್ಕೆ ಹೊಚ್ಚ ಹೊಸ ಬಜೆಟ್ ರೈಫಲ್ಲಿಗಿಂತ ಹೆಚ್ಚಿನ ಬೆಲೆ ಕೇಳುತ್ತಾರೆ. ಆ ಬೆಲೆ ಯಾವಾಗ ನ್ಯಾಯ, ಯಾವಾಗ ಅನ್ಯಾಯ ಎಂದು ಕೈಯಲ್ಲಿ ಹಿಡಿದು ನೋಡಿ ತೀರ್ಮಾನಿಸುವ ಬಗೆಯನ್ನು ಇಲ್ಲಿ ವಿವರಿಸುತ್ತೇನೆ. ಅಮೆರಿಕದಲ್ಲಿ ನೆಲೆಸಿ ಜಿಂಕೆ ಬೇಟೆಯನ್ನು ಕಲಿಯುತ್ತಿರುವ ಕನ್ನಡಿಗರನ್ನು, ಅದರಲ್ಲೂ ಮನೆಯಲ್ಲಿ ಕೋವಿಯನ್ನು ಪೂಜಿಸುವುದನ್ನು ನೋಡಿ ಬೆಳೆದ ಕೊಡಗಿನವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಎಲ್ಲಕ್ಕಿಂತ ಮೊದಲು ಕಾನೂನಿನ ವಿಷಯವನ್ನು ಹೇಳಿಬಿಡಬೇಕು, ಏಕೆಂದರೆ ನಮ್ಮವರು ಎಡವುವುದು ಇಲ್ಲೇ. ಎಚ್-1ಬಿ ಮುಂತಾದ ತಾತ್ಕಾಲಿಕ ವೀಸಾದ ಮೇಲೆ ಇರುವವರು ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಕೋವಿಯನ್ನಾಗಲಿ ಕಾಡತೂಸನ್ನಾಗಲಿ ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ. ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದರೆ ಮಾತ್ರ ವಿನಾಯಿತಿ ದೊರೆಯುತ್ತದೆ. ಆ ಪರವಾನಗಿಯ ಅವಧಿ ಮುಗಿದರೆ ಮನೆಯಲ್ಲಿರುವ ರೈಫಲ್ಲೇ ಅಪರಾಧದ ವಸ್ತುವಾಗಬಹುದೆಂಬ ಎಚ್ಚರ ಇರಲಿ. ಗ್ರೀನ್ ಕಾರ್ಡ್ ಹೊಂದಿದವರಿಗೆ ಈ ತೊಡಕಿಲ್ಲ. ಬೇರೆ ರಾಜ್ಯದ ಮಾರಾಟಗಾರನಿಂದ ಕೊಳ್ಳುವಾಗ ರೈಫಲ್ಲು ಪರವಾನಗಿ ಪಡೆದ ವರ್ತಕನ ಮೂಲಕವೇ ಕೈಗೆ ಬರಬೇಕು. ಅಲ್ಲಿ 4473 ಎಂಬ ನಮೂನೆ ತುಂಬಿ ಹಿನ್ನೆಲೆ ಪರಿಶೀಲನೆಗೆ ಒಳಪಡಬೇಕು. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾದಂಥ ರಾಜ್ಯಗಳ ನಿಯಮಗಳು ಇದಕ್ಕಿಂತಲೂ ಬಿಗಿಯಾಗಿರುವುದರಿಂದ ನೀವಿರುವ ರಾಜ್ಯದ ನಿಯಮವನ್ನು ಮುಂಗಡ ಕೊಡುವ ಮುನ್ನವೇ ಓದಿಕೊಳ್ಳಿ. ಮುಂದೆ ಊರಿಗೆ ಹಿಂದಿರುಗುವಾಗ ಇದನ್ನೂ ಒಯ್ಯಬಹುದೆಂಬ ಲೆಕ್ಕಾಚಾರ ಬೇಡ. ಭಾರತದ 1959ರ ಆಯುಧ ಕಾಯ್ದೆಯ ಬಿಗಿಯೇ ಬೇರೆ, ಮತ್ತು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಅಲ್ಲಿ ಬೇಟೆಯ ರೈಫಲ್ಲಿಗೆ ಬೇಟೆಯೇ ಇಲ್ಲ.

ಇನ್ನು ಬೆಲೆ ಏರಿದ್ದೇಕೆ ಎಂಬುದನ್ನು ತಿಳಿಯದೆ ಚೌಕಾಶಿ ಮಾಡಲಾಗದು. 1967ರ 90 ಡಾಲರ್, ಹಣದುಬ್ಬರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಇಂದಿನ ಸುಮಾರು 850 ಡಾಲರಿಗೆ ಸಮ. ಆದ್ದರಿಂದ ಯಾರಾದರೂ ಆರೇಳು ನೂರು ಡಾಲರ್ ಕೇಳಿದ ಕೂಡಲೇ ಸುಲಿಗೆ ಎನ್ನುವುದು ಸರಿಯಲ್ಲ. ನಡುವಿನ ವರ್ಷಗಳಲ್ಲಿ ಈ ರೈಫಲ್ಲು ತನ್ನ ಯೋಗ್ಯತೆಗಿಂತ ಕಡಿಮೆಗೆ ಮಾರಾಟವಾಗುತ್ತಿತ್ತು ಎನ್ನುವುದೇ ಹೆಚ್ಚು ನಿಜ. ಇದರ ಮೇಲೆ 2020ರಲ್ಲಿ ಅಮೆರಿಕದಲ್ಲಿ ಕೋವಿಗಳಿಗೆ ಎಂದೂ ಕಾಣದ ಬೇಡಿಕೆ ಬಂತು. ಆ ಒಂದೇ ವರ್ಷ ನಡೆದ ಹಿನ್ನೆಲೆ ಪರಿಶೀಲನೆಗಳ ಸಂಖ್ಯೆ 3.9 ಕೋಟಿಯನ್ನು ದಾಟಿತು. ರೆಮಿಂಗ್ಟನ್ ಕಂಪನಿಯು 2018ರಲ್ಲಿ ಒಮ್ಮೆ, 2020ರಲ್ಲಿ ಮತ್ತೊಮ್ಮೆ ದಿವಾಳಿ ಅರ್ಜಿ ಹಾಕಿತು. ನ್ಯೂಯಾರ್ಕ್ ರಾಜ್ಯದ ಇಲಿಯನ್ ಎಂಬ ಪುಟ್ಟ ಊರಿನ ಅದರ ಹಳೆಯ ಕಾರ್ಖಾನೆ 2024ರಲ್ಲಿ ಮುಚ್ಚಿತು. ಕಾರ್ಖಾನೆಯ ಬಾಗಿಲು ಮುಚ್ಚಿದಾಗ ಹಳೆಯ ಹೆಸರಿನ ಬೆಲೆ ಏರುವುದು ಸಹಜ. ಆದರೆ ನನ್ನ ದೃಷ್ಟಿಯಲ್ಲಿ ಮುಖ್ಯ ಕಾರಣ ಬಿಡಿಭಾಗಗಳ ಕೊರತೆ. 788ರ ಮ್ಯಾಗಜೀನಾಗಲಿ (ಕಾಡತೂಸು ತುಂಬುವ ಪೆಟ್ಟಿಗೆ) ಬೋಲ್ಟಾಗಲಿ 700 ಮಾದರಿಯ ಭಾಗಗಳೊಂದಿಗೆ ಅದಲುಬದಲಾಗುವುದಿಲ್ಲ. ಒಂದು ರೈಫಲ್ಲನ್ನು ಉಳಿಸಲು ಇನ್ನೊಂದನ್ನು ಬಿಚ್ಚಬೇಕಾಗುತ್ತದೆ. ಹೀಗೆ ಪೂರ್ತಿಯಾಗಿರುವ ಪ್ರತಿಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಬೆಲೆ ಕಟ್ಟುವಾಗ ಗಮನ ಇರಬೇಕಾದದ್ದು ಈ ಪೂರ್ಣತೆಯ ಮೇಲೆ. 788 ಎಂಬ ಹೆಸರಿಗಾಗಿ ದುಡ್ಡು ಕೊಡಬೇಡಿ; ಮ್ಯಾಗಜೀನು, ಬೋಲ್ಟಿನ ಹಿಡಿ ಮತ್ತು ನಳಿಗೆ ಈ ಮೂರಕ್ಕೆ ದುಡ್ಡು ಕೊಡಿ.

ನಿಮ್ಮ ಮುಂದಿರುವ ಪ್ರತಿ ಯಾವ ಕಾಲದ್ದೆಂದು ನಳಿಗೆಯೇ ಹೇಳುತ್ತದೆ. ನಳಿಗೆಯ ಎಡಬದಿಯಲ್ಲಿ, ರಿಸೀವರ್ (ಬೋಲ್ಟ್ ಓಡಾಡುವ ಲೋಹದ ಚೌಕಟ್ಟು) ಸೇರುವ ಜಾಗದ ಹತ್ತಿರ, ಎರಡು ಸಣ್ಣ ಅಕ್ಷರಗಳನ್ನು ಒತ್ತಿರುತ್ತಾರೆ. ಮೊದಲನೆಯದು ತಿಂಗಳು, ಎರಡನೆಯದು ವರ್ಷ. ತಿಂಗಳಿಗೆ ರೆಮಿಂಗ್ಟನ್ನಿನವರು 'ಬ್ಲ್ಯಾಕ್ ಪೌಡರ್ ಎಕ್ಸ್' ಎಂಬ ಹನ್ನೆರಡು ಇಂಗ್ಲಿಷ್ ಅಕ್ಷರಗಳ ಸಾಲನ್ನು ಬಳಸಿದರು: ಬಿ ಎಂದರೆ ಜನವರಿ, ಎಲ್ ಎಂದರೆ ಫೆಬ್ರವರಿ, ಹೀಗೆ ಸಾಗಿ ಎಕ್ಸ್ ಎಂದರೆ ಡಿಸೆಂಬರ್. ವರ್ಷದ ಅಕ್ಷರ ಪಿ ಆಗಿದ್ದರೆ 1967, ಟಿ ಆಗಿದ್ದರೆ 1970, ಝಡ್ ಆಗಿದ್ದರೆ 1976. ಆದರೆ ವರ್ಷದ ಅಕ್ಷರಗಳು ಮರುಕಳಿಸುತ್ತವೆ, ಆದ್ದರಿಂದ 1980ರಲ್ಲಿ ಮತ್ತೆ ಎ ಅಕ್ಷರ ಬಂದಿದೆ. ತಯಾರಾಗಿ ಐವತ್ತು ವರ್ಷ ತುಂಬಿ ಮೂಲರೂಪದಲ್ಲೇ ಉಳಿದ ಪ್ರತಿಯು ಸಂಗ್ರಾಹಕರ ವಿಶೇಷ ಪರವಾನಗಿಯ ವ್ಯಾಪ್ತಿಗೆ ಬರುತ್ತದೆ. ಮೊದಮೊದಲ ವರ್ಷಗಳ ಪ್ರತಿಗಳ ಬಗ್ಗೆ ಸಂಗ್ರಾಹಕರಿಗೆ ಈಚೆಗೆ ಹೆಚ್ಚಿದ ಆಸಕ್ತಿಗೆ ಇದೂ ಒಂದು ಕಾರಣವಿರಬಹುದು.

ಕ್ಯಾಲಿಬರ್, ಅಂದರೆ ರೈಫಲ್ಲು ಬಳಸುವ ಕಾಡತೂಸಿನ ಅಳತೆ, ಯಾವುದೆಂಬುದರ ಮೇಲೆ ಬೆಲೆ ಬಹಳ ಬದಲಾಗುತ್ತದೆ. .44 ಮ್ಯಾಗ್ನಮ್ ಮತ್ತು .30-30 ವಿಂಚೆಸ್ಟರ್‌ನ 788ಗಳನ್ನು ಕೆಲವೇ ವರ್ಷ ತಯಾರಿಸಿದ್ದರಿಂದ ಅವು ಬೇಟೆಗಾರರ ಕೈಯಿಂದ ಜಾರಿ ಸಂಗ್ರಾಹಕರ ಕಪಾಟು ಸೇರಿವೆ. ಬೇಟೆಗೆಂದು ಕೊಳ್ಳುವವರು ಅವುಗಳ ಗೊಡವೆಗೆ ಹೋಗದಿರುವುದು ಲೇಸು. ಎಡಗೈಯವರಿಗಾಗಿ 6 ಎಂಎಂ ರೆಮಿಂಗ್ಟನ್ ಮತ್ತು .308ರಲ್ಲಿ ಮಾಡಿದ ಪ್ರತಿಗಳಿಗೂ, 1980ರ ಸುಮಾರಿಗೆ ಬಂದ ಹದಿನೆಂಟೂವರೆ ಇಂಚು ನಳಿಗೆಯ ಕಾರ್ಬೈನುಗಳಿಗೂ ಹೆಚ್ಚುವರಿ ಬೆಲೆ ಇದೆ. ಜಿಂಕೆಗೆ .243 ಅಥವಾ .308 ಸಾಕು, ಎರಡಕ್ಕೂ ಕಾಡತೂಸು ಎಲ್ಲೆಡೆ ಸಿಗುತ್ತದೆ. 6 ಎಂಎಂ ರೆಮಿಂಗ್ಟನ್ ಸೊಗಸಾದ ಕಾಡತೂಸೇ ಆದರೂ ಅಂಗಡಿಗಳಲ್ಲಿ ಅಪರೂಪವಾದ್ದರಿಂದ, ತಾವೇ ಕಾಡತೂಸು ತುಂಬಿಕೊಳ್ಳುವ ಅಭ್ಯಾಸವಿಲ್ಲದವರಿಗೆ ಅದನ್ನು ನಾನು ಹೇಳಲಾರೆ.

ಈಗ ರೈಫಲ್ಲನ್ನು ಕೈಗೆ ತೆಗೆದುಕೊಳ್ಳಿ. ಮ್ಯಾಗಜೀನು ಹೊರತೆಗೆದು, ಬೋಲ್ಟ್ ತೆರೆದು, ಕಣ್ಣಿನಿಂದಷ್ಟೇ ಅಲ್ಲದೆ ಕಿರುಬೆರಳಿನಿಂದಲೂ ಚೇಂಬರ್ (ನಳಿಗೆಯಲ್ಲಿ ಕಾಡತೂಸು ಕೂರುವ ಜಾಗ) ಖಾಲಿ ಇದೆಯೆಂದು ಖಚಿತಪಡಿಸಿಕೊಳ್ಳಿ. ಹಳೆಯ 788ಗಳಲ್ಲಿ ಸೇಫ್ಟಿ ಹಾಕಿದಾಗ ಬೋಲ್ಟ್ ತೆರೆಯುವುದಿಲ್ಲ, ಅಂದರೆ ಕಾಡತೂಸು ಹೊರತೆಗೆಯಲು ಸೇಫ್ಟಿ ಬಿಡಲೇಬೇಕು; ನಂತರದ ಪ್ರತಿಗಳಲ್ಲಿ ಇದನ್ನು ಬದಲಿಸಿದರು. ನಿಮ್ಮ ಮುಂದಿರುವುದು ಯಾವ ಬಗೆಯದೆಂದು ಮೊದಲೇ ತಿಳಿದುಕೊಳ್ಳಿ, ನಳಿಗೆಯ ಮೂತಿಯನ್ನು ಯಾವಾಗಲೂ ನಿರಪಾಯದ ದಿಕ್ಕಿಗೇ ಇರಿಸಿ.

ಮ್ಯಾಗಜೀನಿನ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಾನು ಕೊಂಡ ಮೊದಲ 788ರಲ್ಲಿ ಮೋಸಹೋದದ್ದು ಇಲ್ಲೇ. ರೈಫಲ್ಲು ಚೊಕ್ಕವಾಗಿತ್ತು, ಬೆಲೆ ಕಡಿಮೆಯಿತ್ತು, ಮ್ಯಾಗಜೀನು ಇರಲಿಲ್ಲ. 'ಎಲ್ಲಿ ಬೇಕಾದರೂ ಸಿಗುತ್ತದೆ' ಎಂದು ಮಾರಿದವನು ಹೇಳಿದ, ನಾನು ನಂಬಿದೆ. ಮೂಲ ಮ್ಯಾಗಜೀನು ಸಿಗಲು ಒಂದು ಇಡೀ ಬೇಟೆಯ ಋತು ಕಳೆಯಿತು, ಉಳಿಸಿದ ದುಡ್ಡೆಲ್ಲ ಅದಕ್ಕೇ ಹೋಯಿತು. 788ರ ಮ್ಯಾಗಜೀನು ಒಂದರ ಮೇಲೊಂದು ನೇರ ಸಾಲಿನಲ್ಲಿ ಮೂರೋ ನಾಲ್ಕೋ ಕಾಡತೂಸು ಹಿಡಿಯುವ ಸಣ್ಣ ಉಕ್ಕಿನ ಪೆಟ್ಟಿಗೆ. ಕ್ಯಾಲಿಬರಿಗೆ ತಕ್ಕಂತೆ ಬೇರೆಬೇರೆ ಮ್ಯಾಗಜೀನುಗಳಿವೆ, .44 ಮ್ಯಾಗ್ನಮ್‌ನದಂತೂ ಸಿಗುವುದೇ ದುರ್ಲಭ. ಬೇರೆ ಕಂಪನಿಗಳು ಮಾಡಿದ ಬದಲಿಗಳು ಇವೆಯಾದರೂ ಅವುಗಳಲ್ಲಿ ಹಲವು ಕಾಡತೂಸನ್ನು ಸರಿಯಾದ ಕೋನದಲ್ಲಿ ಎತ್ತಿಕೊಡುವುದಿಲ್ಲ. ಆದ್ದರಿಂದ ನೋಡಲು ಹೋಗುವಾಗ ಆ ಕ್ಯಾಲಿಬರಿನ ಮದ್ದಿಲ್ಲದ ನಾಲ್ಕು ಡಮ್ಮಿ ಕಾಡತೂಸುಗಳನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಮಾರುವವನ ಅನುಮತಿ ಪಡೆದು ತುಂಬಿಸಿ, ಒಮ್ಮೆ ನಿಧಾನವಾಗಿ ಒಮ್ಮೆ ಜೋರಾಗಿ ಬೋಲ್ಟ್ ತಳ್ಳಿ ನೋಡಿ. ಪ್ರತಿಯೊಂದೂ ತಡೆಯಿಲ್ಲದೆ ಒಳಹೋಗಬೇಕು, ಎಳೆದಾಗ ಜಾರದೆ ಹೊರಬರಬೇಕು. ಮ್ಯಾಗಜೀನಿನ ತುಟಿಗಳು ಬಾಗಿದ್ದರೆ, ಅಥವಾ ಅದನ್ನು ಹಿಡಿದಿಡುವ ಕೊಂಡಿ ಸವೆದು ಕೈತಾಗಿದರೆ ಬಿದ್ದುಹೋಗುವಂತಿದ್ದರೆ, ಇನ್ನೊಂದು ಮ್ಯಾಗಜೀನಿನ ಬೆಲೆಯನ್ನು ಪೂರ್ತಿಯಾಗಿ ಕಳೆದೇ ಲೆಕ್ಕ ಹಾಕಿ.

ಬೋಲ್ಟಿನ ಹಿಡಿಯನ್ನು ಬೋಲ್ಟಿಗೆ ಬ್ರೇಜಿಂಗ್ ಮಾಡಿ ಬೆಸೆದಿರುತ್ತಾರೆ. ಹೆಚ್ಚು ಒತ್ತಡದ ಕಾಡತೂಸು ಚೇಂಬರಿನಲ್ಲಿ ಸಿಕ್ಕಿಕೊಂಡಾಗ ಕೆಲವರು ಮರದ ಸುತ್ತಿಗೆಯಿಂದ ಹಿಡಿಗೆ ಹೊಡೆದು ತೆರೆಯುತ್ತಾರೆ, ಆಗ ಈ ಬೆಸುಗೆ ಬಿಡುವುದುಂಟು. ಹಿಡಿಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು, ಮೊದಲಿನದಕ್ಕಿಂತ ಬೇರೆ ಬಣ್ಣದ ಬೆಸುಗೆ, ಕಾವು ತಗಲಿ ನೀಲಿಗಟ್ಟಿದ ಉಕ್ಕು ಇವುಗಳನ್ನು ಭೂತಗನ್ನಡಿಯಲ್ಲಿ ನೋಡಿ. ಪರಿಣತ ಗನ್‌ಸ್ಮಿತ್ ಮಾಡಿದ ಮರುಬೆಸುಗೆಯನ್ನು ನಾನು ದೋಷವೆಂದು ಎಣಿಸುವುದಿಲ್ಲ, ಆದರೆ ಯಾರು ಮಾಡಿದರು ಎಂಬ ಪ್ರಶ್ನೆಗೆ ಮಾರುವವನಲ್ಲಿ ಉತ್ತರವಿಲ್ಲದಿದ್ದರೆ ಆ ರೈಫಲ್ಲನ್ನು ಅಲ್ಲೇ ಬಿಟ್ಟು ಬರುತ್ತೇನೆ.

ಬೋಲ್ಟಿನ ಹಿಂಭಾಗದಲ್ಲಿ ಮೂರು ಸಾಲುಗಳಲ್ಲಿ ಒಂಬತ್ತು ಲಗ್ಗುಗಳಿವೆ (ಬೋಲ್ಟನ್ನು ಬೀಗದಂತೆ ಹಿಡಿದಿಡುವ ಚಾಚುಗಳು), 788ರ ಗುರುತೇ ಇದು. ಹೆಚ್ಚಿನ ರೈಫಲ್ಲುಗಳಲ್ಲಿ ಲಗ್ಗುಗಳು ಮುಂಭಾಗದಲ್ಲಿ, ಕಾಡತೂಸಿನ ಹಿಂದೆಯೇ ಬೀಗ ಹಾಕುತ್ತವೆ. ಇಲ್ಲಿ ಅವು ಹಿಂದಿವೆ, ಮತ್ತು ಮೂರು ಸಾಲುಗಳಲ್ಲಿ ಹಂಚಿರುವುದರಿಂದ ಬೋಲ್ಟಿನ ಹಿಡಿಯನ್ನು ಸುಮಾರು 60 ಡಿಗ್ರಿ ಎತ್ತಿದರೆ ಸಾಕು. ಮ್ಯಾಗಜೀನಿಗಾಗಿ ಕೊರೆದ ಕಿಂಡಿಯೂ ಕಿರಿದಾದ್ದರಿಂದ ರಿಸೀವರ್ ಬಹಳ ಗಡುಸಾಗಿ ನಿಲ್ಲುತ್ತದೆ. ಈ ಗಡಸುತನವೂ ಟ್ರಿಗರ್ ಒತ್ತಿದ ಕ್ಷಣಕ್ಕೂ ಕಾಡತೂಸನ್ನು ಸಿಡಿಸುವ ಪಿನ್ ಬಡಿಯುವ ಕ್ಷಣಕ್ಕೂ ನಡುವಿನ ಅತಿ ಸಣ್ಣ ಅಂತರವೂ ಸೇರಿ ಇದರ ನಿಖರತೆಯ ಗುಟ್ಟಾಗಿವೆ ಎಂದು ಬಲ್ಲವರು ಹೇಳುತ್ತಾರೆ. ಲಗ್ಗುಗಳ ಮೇಲಿನ ಸವೆತದ ಗುರುತು ಮೂರೂ ಸಾಲುಗಳಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿದ್ದರೆ ಒಳ್ಳೆಯದು. ಒಂದೇ ಬದಿಯಲ್ಲಿ ಲೋಹ ಒರೆಸಿದಂತೆ ಕಂಡರೆ ಗೇಜುಗಳಿಂದ, ಮುಚ್ಚಿದ ಬೋಲ್ಟಿನ ಮುಖದಿಂದ ಕಾಡತೂಸು ಚೇಂಬರಿನಲ್ಲಿ ತಡೆದು ನಿಲ್ಲುವ ಬಿಂದುವಿನವರೆಗಿನ ಅಂತರವನ್ನು, ಅಂದರೆ ಹೆಡ್‌ಸ್ಪೇಸ್ ಅಳೆಸದೆ ದುಡ್ಡು ಕೊಡಬೇಡಿ.

ನಳಿಗೆಯನ್ನು ನೋಡುವ ಮೊದಲು ಒಂದು ಒಣ ಬಟ್ಟೆಯ ತುಂಡನ್ನು ಹಾಯಿಸಲು ಕೇಳಿಕೊಳ್ಳಿ. ಎಣ್ಣೆ ಬಳಿದ ನಳಿಗೆ ಎಲ್ಲವನ್ನೂ ಮುಚ್ಚುತ್ತದೆ. ಮೂತಿಯ ಅಂಚಿನಲ್ಲಿ ತಗ್ಗು ಬಿದ್ದಿದ್ದರೆ ಗನ್‌ಸ್ಮಿತ್ ಅದನ್ನು ಸರಿಮಾಡಬಲ್ಲ, ಆದರೆ ಚೇಂಬರಿನ ಮುಂದಿನ ಗಂಟಲು ಸುಟ್ಟು ಕರಕಲಾಗಿ ಹೆಂಚಿನಂತೆ ಬಿರುಕು ಬಿಟ್ಟಿದ್ದರೆ ನಳಿಗೆಯ ಆಯುಸ್ಸು ಮುಗಿದಂತೆ. .22-250 ಮತ್ತು 6 ಎಂಎಂ ಪ್ರತಿಗಳಲ್ಲಿ, ಅದರಲ್ಲೂ ಹಿಂದಿನ ಒಡೆಯ ಹೊಲದ ಹೆಗ್ಗಣದಂಥ ಪ್ರಾಣಿಗಳಿಗೆ ದಿನವೆಲ್ಲ ಗುಂಡು ಹಾರಿಸಿದ್ದರೆ, ಇದು ಸಾಮಾನ್ಯ. ಬೋರ್‌ಸ್ಕೋಪ್ (ನಳಿಗೆಯೊಳಗೆ ಇಣುಕುವ ಸಣ್ಣ ಕ್ಯಾಮೆರಾ) ಈಗ ಅಗ್ಗವಾಗಿ ಸಿಗುವುದರಿಂದ ಒಂದನ್ನು ಕೊಂಡುಕೊಂಡೇ ಹೋಗಿ.

ಟ್ರಿಗರಿನ ಪರೀಕ್ಷೆಯನ್ನು ಬಿಡಬೇಡಿ. ಖಾಲಿ ರೈಫಲ್ಲಿನ ಬೋಲ್ಟ್ ಮುಚ್ಚಿ, ಸೇಫ್ಟಿ ಹಾಕಿ, ಟ್ರಿಗರ್ ಒತ್ತಿ ಬಿಡಿ. ನಂತರ ಬೆರಳನ್ನು ದೂರವಿಟ್ಟು ಸೇಫ್ಟಿ ಬಿಡಿ. ಆಗ ಪಿನ್ ಬಿದ್ದರೆ ಆ ರೈಫಲ್ಲು ಅಪಾಯಕಾರಿ. ಟ್ರಿಗರಿನ ಬಿಗುವು ತೀರಾ ಹಗುರವಾಗಿದ್ದರೆ ಯಾರೋ ಒಳಗೆ ಅರ ಹಾಕಿದ್ದಾರೆಂದೇ ತಿಳಿಯಿರಿ, ಏಕೆಂದರೆ ಕಾರ್ಖಾನೆಯಿಂದ ಬಂದದ್ದು ಹಾಗಿರುವುದಿಲ್ಲ. ಟಿಮ್ನಿ ಕಂಪನಿಯ ಬದಲಿ ಟ್ರಿಗರ್ ಹಾಕಿಸಿದ್ದರೆ ಅದು ರೈಫಲ್ಲಿಗೆ ಲಾಭವೇ. ಸ್ಟಾಕಿನ ಗೀರುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮರ ಮತ್ತು ಲೋಹ ಸೇರುವ ಗೆರೆಯ ಕೆಳಗಿನ ತುಕ್ಕನ್ನು ಮಾತ್ರ ನೋಡಿ.

ಇಂಚಿನೊಳಗೆ ಗುಂಡು ಹಾಕುತ್ತದೆ ಎಂಬ ಮಾತಿಗೆ ಬೆಲೆ ಕೊಡುವ ಮುನ್ನ ಗುರಿಹಲಗೆಯ ಕಾಗದವನ್ನು ಕೇಳಿ. ಮೂರು ಗುಂಡುಗಳ ಒಂದು ಗುಂಪು ಯಾವ ರೈಫಲ್ಲಿನಲ್ಲೂ ಒಮ್ಮೊಮ್ಮೆ ಚಿಕ್ಕದಾಗಿ ಬೀಳುತ್ತದೆ; ನೂರು ಗಜದಲ್ಲಿ ಐದೈದು ಗುಂಡುಗಳ ಮೂರು ನಾಲ್ಕು ಗುಂಪುಗಳು ಇದ್ದರೆ ಮಾತ್ರ ಅದು ಪುರಾವೆ.

ಬೆಲೆಯನ್ನು ಕೂಡಿಸುವಾಗ ಹರಾಜು ತಾಣಗಳಲ್ಲಿ ಕೇಳುತ್ತಿರುವ ಬೆಲೆಯನ್ನು ಬಿಟ್ಟು, ನಿಜವಾಗಿ ಮಾರಾಟವಾಗಿ ಮುಗಿದ ವ್ಯವಹಾರಗಳ ಬೆಲೆಯನ್ನು ಮಾತ್ರ ನೋಡಿ. ಅದೇ ಕ್ಯಾಲಿಬರ್, ಅಷ್ಟೇ ಉದ್ದದ ನಳಿಗೆ ಇರುವ ಐದಾರು ಮಾರಾಟಗಳ ನಡುವಿನ ಬೆಲೆಯಿಂದ ಆರಂಭಿಸಿ, ಇಲ್ಲದ ಮ್ಯಾಗಜೀನು, ಬೇಕಾಗುವ ಟ್ರಿಗರ್, ಬೆಸುಗೆಯ ಖರ್ಚುಗಳನ್ನು ಕಳೆಯಿರಿ. ಸಾಗಣೆ ಮತ್ತು ವರ್ತಕನ ವರ್ಗಾವಣೆ ಶುಲ್ಕ ನಿಮ್ಮ ಕೈಯಿಂದಲೇ ಹೋಗುವುದರಿಂದ ಅವನ್ನೂ ಕಳೆದು ನಿಮ್ಮ ಬೇಡಿಕೆಯನ್ನು ಇಡಿ. ಆ ಮೊತ್ತವನ್ನು ಹೊಸ ರೂಗರ್ ಅಮೆರಿಕನ್ ಅಥವಾ ಸ್ಯಾವೇಜ್ ಆಕ್ಸಿಸ್ ಎಂಬ ಬಜೆಟ್ ರೈಫಲ್ಲಿನ ಬೆಲೆಯ ಪಕ್ಕದಲ್ಲಿಟ್ಟು ನೋಡಿ. ಅವುಗಳ ಸ್ಟಾಕ್ ಪ್ಲಾಸ್ಟಿಕ್ಕಿನದು, ಆದರೆ ಗುರಿ ಚೆನ್ನಾಗಿದೆ, ಮ್ಯಾಗಜೀನು ಅಂಗಡಿಯಲ್ಲಿ ಸಿಗುತ್ತದೆ, ಕೆಟ್ಟರೆ ಕಂಪನಿ ಸರಿಮಾಡಿಕೊಡುತ್ತದೆ. ಒಂದೇ ರೈಫಲ್ಲು ಕೊಳ್ಳುವಷ್ಟು ಹಣವಿದ್ದು ಮುಂದಿನ ನವೆಂಬರಿನಲ್ಲಿ ಜಿಂಕೆಗೆ ಹೋಗಲೇಬೇಕೆಂದಿರುವವರಿಗೆ ನಾನು ಹೊಸದನ್ನೇ ಹೇಳುತ್ತೇನೆ. 788ಕ್ಕೆ ಅದಕ್ಕಿಂತ ಹೆಚ್ಚು ಕೊಡುವುದು ಪೂರ್ತಿ ಬಿಡಿಭಾಗಗಳಿರುವ, ನಳಿಗೆ ಶುದ್ಧವಾಗಿರುವ ಪ್ರತಿ ಸಿಕ್ಕಾಗ ಮಾತ್ರ.

ಕೊಂಡ ಮೇಲೆ ಮಾಡಬೇಕಾದ ಮೊದಲ ಕೆಲಸ ಎರಡನೆಯ ಮೂಲ ಮ್ಯಾಗಜೀನನ್ನು ಹುಡುಕುವುದು, ಏಕೆಂದರೆ ಅದರ ಬೆಲೆ ಇಳಿಯುವ ಸಂಭವವಿಲ್ಲ. ಲಗ್ಗುಗಳು ಹಿಂದಿರುವುದರಿಂದ ಗುಂಡು ಹಾರುವಾಗ ಬೋಲ್ಟ್ ತುಸು ಹಿಂಡಿಕೊಂಡು ಕಾಡತೂಸಿನ ಹಿತ್ತಾಳೆಯ ಕವಚ ಹಿಗ್ಗುತ್ತದೆ. ಆದ್ದರಿಂದ ಸ್ವತಃ ಕಾಡತೂಸು ತುಂಬುವವರು ಪುಸ್ತಕದ ಗರಿಷ್ಠ ಮಟ್ಟಕ್ಕೆ ಹೋಗದೆ ಮಧ್ಯಮ ಒತ್ತಡದಲ್ಲೇ ನಿಲ್ಲಬೇಕು, ಪ್ರತಿ ಸಲವೂ ಕವಚದ ಉದ್ದವನ್ನು ಅಳೆಯಬೇಕು, ಮತ್ತು ಕವಚದ ಬುಡದಿಂದ ಸ್ವಲ್ಪ ಮೇಲೆ ಹೊಳೆಯುವ ಉಂಗುರ ಕಂಡ ದಿನವೇ ಅದನ್ನು ಎಸೆದುಬಿಡಬೇಕು.