ಎರಡು ಕಾಯಿನ್, ಮೂರು ಮಕ್ಕಳು

ನಾನು ಅಂಕೋಲಾ ಹತ್ರದ ಒಂದು ಶಾಲೇಲಿ ಏಳನೇ ಕ್ಲಾಸಿಗೆ ಗಣಿತ ಹೇಳ್ತೀನಿ. ಜುಲೈ ಮಳೆ, ಗ್ರೌಂಡ್ ತುಂಬಾ ನೀರು, ಆಟದ ಪೀರಿಯಡ್ ಬಂದ್ರೆ ಎಲ್ಲರೂ ಕ್ಲಾಸ್ ಒಳಗೇ, ಇರೋದೊಂದೇ ಕೇರಂ ಬೋರ್ಡ್, ಅದ್ರಲ್ಲಿ ಉಳಿದ ಒಂದು ಜಾಗಕ್ಕೆ ದಿನಾ ಮೂರು ಜನರ ಜಗಳ. ಒಬ್ಬ ಹುಡುಗ ತಾನೇ ಉಪಾಯ ಹೇಳ್ದ: ಎರಡು ಕಾಯಿನ್ ಹಾರಿಸೋಣ, ಎರಡೂ ಹೆಡ್ ಬಿದ್ರೆ ನೀನು, ಎರಡೂ ಟೇಲ್ ಬಿದ್ರೆ ಅವ್ಳು, ಒಂದೊಂದು ಬಿದ್ರೆ ನಾನು. ಮೂರು ಜನಕ್ಕೆ ಮೂರು ಥರ, ಎಲ್ಲರೂ ಒಪ್ಪಿದ್ರು, ನಾನೂ ಬೇಕಂತ್ಲೇ ಸುಮ್ನಿದ್ದೆ. ವಾರ ಕಳೆಯೋದ್ರೊಳಗೆ ಆ ಹುಡುಗಿ ಬಂದು "ಅಕ್ಕೋರೆ, ಇದ್ರಲ್ಲಿ ಮೋಸ ಇದೆ, ಯಾವಾಗ್ಲೂ ಅವ್ನೇ ಆಡ್ತಾ" ಅಂದ್ಳು.

ಸಂಭವನೀಯತೆ ಪಾಠ ಅಲ್ಲಿಂದ್ಲೇ ಶುರು ಮಾಡ್ದೆ, ಸೂತ್ರ ಬರೀಲೇ ಇಲ್ಲ. ಇಬ್ಬಿಬ್ರು ಕೂತು ಹತ್ತತ್ತು ಸಲ ಹಾರಿಸಿ ಗೀಟು ಹಾಕಿದ್ರು. ಒಟ್ಟು 200 ಸಲದಲ್ಲಿ ಎರಡೂ ಹೆಡ್ 47, ಎರಡೂ ಟೇಲ್ 52, ಒಂದೊಂದು 101. ಬೋರ್ಡ್ ಮೇಲೆ ಆ 101 ನೋಡಿ ಕ್ಲಾಸೇ ಗಪ್‌ಚಿಪ್.

ಯಾಕೆ ಹೀಗೆ ಅನ್ನೋದು ಮಾತ್ರ ಸುಲಭಕ್ಕೆ ಹತ್ಲಿಲ್ಲ, ಎರಡೂ ಒಂದು ರೂಪಾಯಿ ಕಾಯಿನ್ ಇದ್ದಿದ್ದೇ ತೊಂದ್ರೆ. ಒಂದನ್ನ ತೆಗೆದು ಹಳದಿ ಐದು ರೂಪಾಯಿ ಕೊಟ್ಟೆ. ಆಗ ಹಿಂದಿನ ಬೆಂಚಿನವನೊಬ್ಬ ಎದ್ದು "ಹಳದಿ ಹೆಡ್ ಬಿಳಿ ಟೇಲ್ ಬೇರೆ, ಹಳದಿ ಟೇಲ್ ಬಿಳಿ ಹೆಡ್ ಬೇರೆ, ಅವ್ನಿಗೆ ಎರಡು ಚಾನ್ಸು!" ಅಂತ ಕೂಗ್ದ. ನಾಲ್ಕರಲ್ಲಿ ಎರಡು ಅವ್ನದು, ಉಳಿದವ್ರಿಗೆ ಒಂದೊಂದು. ಉಪಾಯ ಹೇಳಿದ ಹುಡುಗನ ಮುಖ ಬಾಡಿಹೋಯ್ತು, ಅವ್ನು ಬೇಕಂತ ಮಾಡಿದ್ದಲ್ಲ. ಫ್ರಾನ್ಸಿನ ದೊಡ್ಡ ಗಣಿತಜ್ಞ ಡಾಲಂಬೇರ್ ಕೂಡ 1754ರಲ್ಲಿ ಇಂಥದ್ದೇ ತಪ್ಪು ಮಾಡಿದ್ದ, ಎರಡು ಸಲ ಹಾರಿಸಿದ್ರೆ ಒಂದಾದ್ರೂ ಹೆಡ್ ಬೀಳೋ ಸಾಧ್ಯತೆ 3/4 ಇರೋವಾಗ, ಸಮ ಅಲ್ಲದ ಮೂರನ್ನ ಸಮ ಅಂತ ಎಣಿಸಿ 2/3 ಅಂತ ಬರ್ದಿದ್ದ ಅಂತ ಹೇಳ್ದೆ. ಅವ್ನಿಗೆ ಸ್ವಲ್ಪ ಜೀವ ಬಂತು.

ಮರುದಿನ ಒಬ್ಳು ಅಜ್ಜಿಮನೆಯ ಕವಡೆ ತಂದು ಇದೂ ಅರ್ಧಕ್ಕರ್ಧನಾ ಅಂತ ಕೇಳಿದ್ಳು. ಹಾಕಿ ಎಣಿಸಿ ನೋಡಿದ್ವಿ, ಅಲ್ಲ. ಎರಡು ಬದಿ ಇದ್ದ ಮಾತ್ರಕ್ಕೆ ಎರಡೂ ಸಮ ಅಲ್ಲ ಅನ್ನೋದು ನಾನು ಬಾಯಲ್ಲಿ ಹೇಳಿದ್ರೆ ಅಷ್ಟು ನಾಟ್ತಿರ್ಲಿಲ್ಲ.

ಕೇರಂ ಜಗಳಕ್ಕೆ ದಾರಿ ಕಂಡುಹಿಡಿದವ್ನೂ ಅದೇ ಹುಡುಗ: "ಹಳದಿ ಹೆಡ್ ಬಿಳಿ ಟೇಲ್ ಬಿದ್ರೆ ನಾನು, ಹಳದಿ ಟೇಲ್ ಬಿಳಿ ಹೆಡ್ ಬಿದ್ರೆ ಯಾರಿಗೂ ಇಲ್ಲ, ಮತ್ತೆ ಹಾರಿಸೋದು."