ಹೊಸ ಮೀನು ಸಾಯುತ್ತಿತ್ತು, ಹಳೇದು ಆರಾಮಾಗಿತ್ತು

ನನ್ನ ಉಪ್ಪುನೀರಿನ ಅಕ್ವೇರಿಯಂನಲ್ಲಿ ಎರಡನೇ ಡ್ಯಾಮ್ಸೆಲ್ ಮೀನು ಸತ್ತ ದಿನ ಅಂಗಡಿಯವರ ಜೊತೆ ಜಗಳಕ್ಕೇ ಹೊರಟಿದ್ದೆ. ಐದು ತಿಂಗಳಿಂದ ಇದ್ದ ಕ್ಲೌನ್ ಫಿಶ್ ಜೋಡಿ ಆರಾಮಾಗಿತ್ತು. ಹೊಸ ಮೀನು ಮಾತ್ರ ಬಿಟ್ಟ ಮರುದಿನವೇ ಹೋಗಿಬಿಡುತ್ತಿತ್ತು. ನೀರು ಕೆಟ್ಟಿದ್ದರೆ ಎಲ್ಲವೂ ಸಾಯಬೇಕಿತ್ತಲ್ವಾ?

ಮೊದಲು ಅನುಮಾನ ಬಂದಿದ್ದು ಮೀನಿನ ತ್ಯಾಜ್ಯದಿಂದ ಹುಟ್ಟೋ ಅಮೋನಿಯಾ ಮೇಲೆ. ಸಮುದ್ರದ ನೀರಿನ ಪಿಎಚ್ 8.2ರ ಸುತ್ತ ಇರುತ್ತೆ, ಅಲ್ಲಿ ಅಮೋನಿಯಾದ ವಿಷ ಜಾಸ್ತಿ. ಟೆಸ್ಟ್ ಮಾಡಿದೆ, ಸೊನ್ನೆ. ಅದರಿಂದ ಆಗೋ ನೈಟ್ರೈಟ್ ಕೂಡ ಸೊನ್ನೆ. ನೀರಿನ ಉಪ್ಪು ಅಳೆಯೋ ಹೈಡ್ರೋಮೀಟರ್ ಮುಳ್ಳು ಎಂದಿನಂತೆ 1.025, ಅಂದ್ರೆ ಸಮುದ್ರದ ನೀರಿನಷ್ಟೇ.

ಈ 'ಎಂದಿನಂತೆ' ಅನ್ನೋದೇ ಎಡವಟ್ಟು ಅಂತ ಹೊಳೆದಿದ್ದು ಉಪ್ಪಿನ ಡಬ್ಬಿ ನೋಡಿದಾಗ. ಎರಡು ತಿಂಗಳು ಬರಬೇಕಾದ ಮರೈನ್ ಸಾಲ್ಟ್ ಆಗಲೇ ತಳ ಕಂಡಿತ್ತು. ಎಲ್ಲಿ ಹೋಯ್ತು? ಮಾರ್ಚ್ ತಿಂಗಳು, ಒಣ ಗಾಳಿ, ಮೇಲೆ ದಿನವಿಡೀ ಫ್ಯಾನ್. ನನ್ನ ನೂರು ಲೀಟರ್ ಟ್ಯಾಂಕಿನಿಂದ ದಿನಕ್ಕೆ ಹತ್ತಿರ ಹತ್ತಿರ ಒಂದು ಲೀಟರ್ ಆವಿಯಾಗುತ್ತಿತ್ತು. ನಾನೋ, ದಿನಾ ಒಂದು ಲೀಟರ್ ಉಪ್ಪುನೀರು ಕಲಸಿ ಸುರಿಯುತ್ತಿದ್ದೆ. ಆವಿಯಾಗೋದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತೆ. ಲೀಟರಿಗೆ 35 ಗ್ರಾಂ ಅಂದ್ರೂ ಮೂರು ವಾರಕ್ಕೆ ಮುಕ್ಕಾಲು ಕೆಜಿ! ಶಾಲೆಯಲ್ಲಿ ಓದಿದ್ದೇ, ತಲೆಗೆ ಬರಲಿಲ್ಲ.

ಹೈಡ್ರೋಮೀಟರ್ ಬಿಚ್ಚಿ ನೋಡಿದರೆ ಮುಳ್ಳಿನ ಬುಡದಲ್ಲಿ ಬಿಳಿ ಉಪ್ಪು ಕಟ್ಟಿತ್ತು. ಅದು ಅಲ್ಲೇ ಸಿಕ್ಕಿಹಾಕಿಕೊಂಡು 1.025 ತೋರಿಸುತ್ತಿತ್ತು. ಬೆಳಕು ಬಾಗೋದನ್ನು ನೋಡಿ ಉಪ್ಪು ಅಳೆಯೋ ರಿಫ್ರಾಕ್ಟೋಮೀಟರನ್ನು ಗೆಳೆಯನಿಂದ ತಂದೆ. ಮೊದಲು 35 ಪಿಪಿಟಿ (ಸಾವಿರ ಪಾಲಿಗೆ 35 ಪಾಲು ಉಪ್ಪು) ದ್ರಾವಣ ಹಾಕಿ ಸರಿಪಡಿಸಿಕೊಂಡೆ, ಆಮೇಲೆ ಟ್ಯಾಂಕಿನ ನೀರು ಇಟ್ಟೆ. 42. ಮೀನು ಬಂದ ಕವರಿನಲ್ಲಿ ಉಳಿದಿದ್ದ ನೀರು ಇಟ್ಟೆ. 25. ಪರಾವಲಂಬಿ ಜೀವಿಗಳ ಕಾಟ ತಗ್ಗಲಿ, ಉಪ್ಪಿನ ಖರ್ಚೂ ಉಳಿಯಲಿ ಅಂತ ಎಷ್ಟೋ ಅಂಗಡಿಗಳಲ್ಲಿ ಉಪ್ಪು ಕಡಿಮೆ ಇಡ್ತಾರೆ. ಜಗಳಕ್ಕೆ ಹೋಗದಿದ್ದದ್ದು ಒಳ್ಳೇದಾಯ್ತು.

ಮಾವಿನ ಮಿಡಿಗೆ ಉಪ್ಪು ಹಾಕಿಟ್ಟರೆ ನೀರು ಬಿಟ್ಟು ಸುರುಟಿಕೊಳ್ಳುತ್ತಲ್ಲ, ಮೀನಿಗೂ ಹೆಚ್ಚುಕಡಿಮೆ ಅದೇ ಗತಿ. ನೀರಿನೊಳಗೇ ಇದ್ದು ಮೈಯ ನೀರು ಕಳೆದುಕೊಳ್ಳುತ್ತೆ. ಕ್ಲೌನ್ ಜೋಡಿಗೆ ಉಪ್ಪು ಏರಿದ್ದು ದಿನಕ್ಕೆ ಚೂರುಚೂರು, ಹೊಂದಿಕೊಂಡವು. ಡ್ಯಾಮ್ಸೆಲ್‌ಗೆ ಅರ್ಧ ಗಂಟೆಯಲ್ಲಿ 25ರಿಂದ 42.

ಇಳಿಸುವಾಗ ಅವಸರ ಮಾಡಲಿಲ್ಲ. ದಿನಕ್ಕೆ ಎರಡು ಲೀಟರ್ ತೆಗೆದು ಅಷ್ಟೇ ಆರ್‌ಓ ನೀರು (ಲವಣ ಸೋಸಿ ತೆಗೆದ ನೀರು) ಹಾಕಿದೆ. ಒಂಬತ್ತು ದಿನಕ್ಕೆ 35ಕ್ಕೆ ಬಂತು. ಅಂದ ಹಾಗೆ, ಅಡುಗೆಮನೆಯ ಪ್ಯೂರಿಫೈಯರ್ ನೀರನ್ನು ಕಣ್ಣುಮುಚ್ಚಿ ನಂಬಬೇಡಿ. ರುಚಿಗೆ ಅಂತ ಕೆಲವು ಮಷೀನುಗಳು ಆರ್‌ಓ ಆಗದ ನೀರನ್ನೂ ಸ್ವಲ್ಪ ಬೆರೆಸುತ್ತವೆ. ನಮ್ಮಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) 70 ಇತ್ತು, ಬೋರ್‌ವೆಲ್ ನೀರಿನ ಮನೆಗಳಲ್ಲಿ ಏನೇನು ಬೆರೆಯುತ್ತೋ. ಹಾಗೆ ನೀರು ಬೆರೆಸೋ ಸ್ಕ್ರೂ ತಿರುಗಿಸಿ ಮುಚ್ಚಿಸಿದೆ.

ಈಗ ಗಾಜಿನ ಮೇಲೆ ಟೇಪ್ ಅಂಟಿಸಿದ್ದೇನೆ. ನೀರು ಅದರ ಕೆಳಗಿಳಿದರೆ ಬರೀ ಆರ್‌ಓ ನೀರು. ಹೊಸ ಮೀನಿಗೆ ಬೇರೆ ಪುಟ್ಟ ಟ್ಯಾಂಕ್, ಅಂಗಡಿಯ ಉಪ್ಪಿನ ಮಟ್ಟದಲ್ಲೇ ಶುರು, ದಿನಕ್ಕೆ ಒಂದು ಪಿಪಿಟಿ ಏರಿಕೆ. ಮೂರನೇ ಡ್ಯಾಮ್ಸೆಲ್ ಬದುಕಿತು. ಈಗ ಕ್ಲೌನ್ ಜೋಡಿಯನ್ನೇ ಟ್ಯಾಂಕ್ ತುಂಬಾ ಅಟ್ಟಾಡಿಸುತ್ತಿದೆ.