ಹಾಸನ ಜಿಲ್ಲೆಯಲ್ಲಿ ದಸ್ತಗಿರಿ ದಾಖಲೆ ಪಡೆಯುವುದು: ನನ್ನ ಅನುಭವ

ಪೊಲೀಸರು ಒಬ್ಬರನ್ನು ದಸ್ತಗಿರಿ ಮಾಡಿದರೆ ಅದು ಹಲವು ಕಡೆ ಬರಹಕ್ಕೆ ಇಳಿಯುತ್ತದೆ. ಠಾಣಾ ದಿನಚರಿ, ದಸ್ತಗಿರಿ ಮೆಮೋ, ಜಿಲ್ಲಾ ಕಂಟ್ರೋಲ್ ರೂಮು, ಬಂಧನ ಮುಂದುವರಿಸಲು ಮ್ಯಾಜಿಸ್ಟ್ರೇಟರಿಗೆ ಕೊಡುವ ರಿಮ್ಯಾಂಡ್ ಅರ್ಜಿ, ಪ್ರತಿ ದಿನಾಂಕದ ನಡಾವಳಿ ಬರೆಯುವ ಕೋರ್ಟಿನ ಆರ್ಡರ್ ಶೀಟು, ಜೈಲಿನ ರಿಜಿಸ್ಟರು, ಕೊನೆಗೆ ಚಾರ್ಜ್‌ಶೀಟು. ಹೆಸರು ಟೈಪ್ ಮಾಡಿದರೆ ಇವೆಲ್ಲ ಒಟ್ಟಿಗೆ ಕಾಣುವ ಸಾರ್ವಜನಿಕ ವೆಬ್‌ಸೈಟು ನಮ್ಮಲ್ಲಿಲ್ಲ. ಹಾಗಾಗಿ ನಾನು ಹೆಸರು ಹಿಡಿದು ಹೊರಡುವುದಿಲ್ಲ. ಠಾಣೆ, ದಿನಾಂಕ, ಮೊ.ನಂ. (ಮೊಕದ್ದಮೆ ನಂಬರು, ಅಂದರೆ ಎಫ್‌ಐಆರ್ ನಂಬರು) ಈ ಮೂರು ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. ತಾಲ್ಲೂಕು ಪತ್ರಿಕೆಗೆ ಅಪರಾಧ ಸುದ್ದಿ ಬರೆಯುವಾಗಲೂ, ಬಂಧಿತರ ಮನೆಯವರಿಗೆ ಕಾಗದ ಹೊಂದಿಸಿಕೊಡುವಾಗಲೂ ನಾನು ಅನುಸರಿಸುವ ದಾರಿ ಇದೇ.

ಮೊದಲು ನೋಡಬೇಕಾದ್ದು, ನಡೆದದ್ದು ನಿಜಕ್ಕೂ ದಸ್ತಗಿರಿಯೇ ಎಂದು. ಎಫ್‌ಐಆರ್‌ನಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ಹಿಡಿದಿದ್ದಾರೆ ಎಂದಲ್ಲ. ಏಳು ವರ್ಷದವರೆಗೆ ಶಿಕ್ಷೆ ಇರುವ ಪ್ರಕರಣಗಳಲ್ಲಿ ಬಹಳಷ್ಟು ಬಾರಿ ಬಿ.ಎನ್.ಎಸ್.ಎಸ್. (ಸಿ.ಆರ್.ಪಿ.ಸಿ. ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 35(3)ರ ನೋಟಿಸು ಕೊಟ್ಟು, ಠಾಣೆಗೆ ಕರೆಸಿ, ಹೇಳಿಕೆ ಪಡೆದು ಕಳುಹಿಸುತ್ತಾರೆ. ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪಿನ ನಂತರ ಇದು ಗಟ್ಟಿಯಾಯಿತು. ಅಂಥವರ ಹೆಸರು ದಸ್ತಗಿರಿ ಪಟ್ಟಿಯಲ್ಲಿ ಇರುವುದಿಲ್ಲ, ಇರಲೂಬಾರದು. ಊರಿನವರು ಮಾತ್ರ ‘ಒಳಗೆ ಹಾಕಿದ್ರಂತೆ’ ಎಂದು ಹೇಳುತ್ತಿರುತ್ತಾರೆ.

ಇನ್ನೊಂದು ಬಗೆ ಮುಂಜಾಗ್ರತೆಯದು. ಪ್ರತಿಭಟನೆ, ಹಬ್ಬ, ಚುನಾವಣೆ ಸಮಯದಲ್ಲಿ ಕಲಂ 170ರ ಅಡಿ ಹಿಡಿದರೆ ಅದಕ್ಕೆ ಎಫ್‌ಐಆರ್ ಇರಬೇಕೆಂದಿಲ್ಲ. ಶಾಂತಿ, ಸನ್ನಡತೆಗೆ ಬರೆಸಿಕೊಳ್ಳುವ ಕಲಂ 126, 129ರ ಮುಚ್ಚಳಿಕೆ ಪ್ರಕರಣಗಳು ಠಾಣೆಯಲ್ಲಿ ಪಿ.ಎ.ಆರ್. (ಮುಂಜಾಗ್ರತಾ ಕ್ರಮದ ವರದಿ) ನಂಬರಿನಲ್ಲಿ ಇರುತ್ತವೆ. ಅವುಗಳ ಕಡತ ತಾಲ್ಲೂಕು ದಂಡಾಧಿಕಾರಿ, ಅಂದರೆ ತಹಸೀಲ್ದಾರರ ಕಚೇರಿಗೆ ಹೋಗುತ್ತದೆ. ಎಫ್‌ಐಆರ್ ಹುಡುಕಿ ‘ಏನೂ ಸಿಗಲಿಲ್ಲ’ ಎಂದು ಕೈಬಿಟ್ಟ ಎಷ್ಟೋ ಪ್ರಕರಣಗಳು ಈ ಕಡತಗಳಲ್ಲಿ ಸಿಗುತ್ತವೆ.

ಹಿಡಿದವರು ಯಾವ ಇಲಾಖೆಯವರು ಎಂಬುದನ್ನೂ ಕೇಳಿಕೊಳ್ಳಿ. ಸಕಲೇಶಪುರ ಭಾಗದಲ್ಲಿ ಬೀಟೆ ಮರ, ಕಾಡುಹಂದಿ ಬೇಟೆ ಇಂಥವಕ್ಕೆ ಅರಣ್ಯ ಇಲಾಖೆಯೇ ದಸ್ತಗಿರಿ ಮಾಡಬಹುದು. ಆಗ ಕಾಗದ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ, ಎಫ್‌ಒಸಿ (ಅರಣ್ಯ ಅಪರಾಧ ಪ್ರಕರಣ) ನಂಬರಿನಲ್ಲಿ ಇರುತ್ತದೆ. ಅಬಕಾರಿಯವರದು ಬೇರೆ. ಅರಸೀಕೆರೆ ಜಂಕ್ಷನ್‌ನಲ್ಲಿ ಹಿಡಿದಿದ್ದರೆ ರೈಲ್ವೆ ಪೊಲೀಸರೋ ಆರ್‌ಪಿಎಫ್ (ರೈಲ್ವೆ ರಕ್ಷಣಾ ಪಡೆ) ನವರೋ ತಿಳಿಯಬೇಕು. ರೈಲ್ವೆ ಪೊಲೀಸು ರಾಜ್ಯದ್ದು, ಆದರೆ ಹಾಸನದ ಎಸ್ಪಿ ಕೈಕೆಳಗೆ ಬರುವುದಿಲ್ಲ. ಆರ್‌ಪಿಎಫ್ ಕೇಂದ್ರದ್ದು, ಅರ್ಜಿ ಮೈಸೂರು ರೈಲ್ವೆ ವಿಭಾಗಕ್ಕೆ ಹೋಗಬೇಕು.

ಮಾಮೂಲಿ ಪೊಲೀಸ್ ಪ್ರಕರಣವಾದರೆ ನನ್ನ ಮೊದಲ ಆಧಾರ ಬಿ.ಎನ್.ಎಸ್.ಎಸ್. ಕಲಂ 37. ಪ್ರತಿ ಜಿಲ್ಲೆಯಲ್ಲೂ ಪ್ರತಿ ಠಾಣೆಯಲ್ಲೂ ಎ.ಎಸ್.ಐ. ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಅಧಿಕಾರಿಯನ್ನು ಗೊತ್ತುಮಾಡಬೇಕು. ಬಂಧಿತರ ಹೆಸರು, ವಿಳಾಸ, ಆರೋಪದ ಸ್ವರೂಪ ಇಷ್ಟನ್ನೂ ಅವರು ಇಟ್ಟುಕೊಳ್ಳಬೇಕು. ಅದು ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎದ್ದು ಕಾಣುವಂತೆ ಪ್ರಕಟವಾಗಬೇಕು, ಡಿಜಿಟಲ್ ರೂಪದಲ್ಲಾದರೂ ಸರಿ. 2024ರ ಜುಲೈ 1ಕ್ಕೆ ಮೊದಲು ಸಿ.ಆರ್.ಪಿ.ಸಿ.ಯ 41-ಸಿ ಇತ್ತು. ಅದರಲ್ಲಿ ಫಲಕದ ಮಾತು ಬರುತ್ತಿದ್ದುದು ಕಂಟ್ರೋಲ್ ರೂಮಿಗೆ ಮಾತ್ರ. ಈಗ ಠಾಣೆಗೂ ಬಂದಿದೆ. ನನ್ನ ದೃಷ್ಟಿಯಲ್ಲಿ ಹೊಸ ಕಾಯ್ದೆಯ ಅತ್ಯಂತ ಉಪಯುಕ್ತ, ಅತ್ಯಂತ ಕಡಿಮೆ ಬಳಕೆಯಾದ ಸಾಲು ಇದು.

ಠಾಣೆಗೆ ಹೋದರೆ ಫಲಕ ಎಲ್ಲಿದೆ ಎಂದು ಸೆಂಟ್ರಿಯನ್ನು ಕೇಳಬೇಡಿ. ಠಾಣೆಯ ಬರವಣಿಗೆ ಕೆಲಸ ನೋಡುವ ರೈಟರ್ ಅವರನ್ನು ಕೇಳಿ, ‘37ಕ್ಕೆ ನಿಮ್ಮ ಠಾಣೆಯಲ್ಲಿ ಯಾರನ್ನು ಹಾಕಿದ್ದಾರೆ ಸರ್?’ ಎಂದು. ಕಲಂ ಹೇಳಿ ಕೇಳಿದರೆ ಉತ್ತರದ ಧಾಟಿಯೇ ಬದಲಾಗುತ್ತದೆ. ಹೋಗುವ ಹೊತ್ತೂ ಮುಖ್ಯ. ಬೆಳಿಗ್ಗೆ ರೋಲ್ ಕಾಲ್ ಹೊತ್ತಿನಲ್ಲೂ, ಕೋರ್ಟಿಗೆ ಆರೋಪಿಗಳನ್ನು ಕಳುಹಿಸುವ ಗಡಿಬಿಡಿಯಲ್ಲೂ ಯಾರೂ ಮಾತಿಗೆ ಸಿಗುವುದಿಲ್ಲ. ಊಟದ ನಂತರ ಹೋಗಿ. ಕೆಲವು ಕಡೆ ಫಲಕ ಇರುತ್ತದೆ, ಹಳೆಯ ತಿಂಗಳಿನದು ಇರುತ್ತದೆ. ಫೋಟೋ ತೆಗೆಯುವ ಮುಂಚೆ ಹೇಳಿ ತೆಗೆಯುವುದು ಲೇಸು.

ಎಫ್‌ಐಆರ್ ಪ್ರತಿಯ ವಿಷಯ ಸುಲಭ. 2016ರ ಸೆಪ್ಟೆಂಬರ್ 7ರಂದು ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು, ಎಫ್‌ಐಆರ್ ಅನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕು, ಸಂಪರ್ಕದ ತೊಂದರೆ ಇರುವಲ್ಲಿ 48, ಹೆಚ್ಚೆಂದರೆ 72 ಗಂಟೆ. ಕರ್ನಾಟಕ ಪೊಲೀಸ್ ವೆಬ್‌ಸೈಟಿನಲ್ಲಿ ಜಿಲ್ಲೆ, ಠಾಣೆ, ವರ್ಷ, ಎಫ್‌ಐಆರ್ ನಂಬರ್ ಕೊಟ್ಟು ಹುಡುಕಬೇಕು. ಲೈಂಗಿಕ ಅಪರಾಧ, ಪೋಕ್ಸೊ, ಭಯೋತ್ಪಾದನೆ ಇಂಥ ಸೂಕ್ಷ್ಮ ಪ್ರಕರಣಗಳು ಅಲ್ಲಿರುವುದಿಲ್ಲ. ಹಾಗೆ ತಡೆಹಿಡಿಯುವ ತೀರ್ಮಾನವನ್ನು ಡಿವೈಎಸ್ಪಿಗಿಂತ ಕೆಳಗಿನವರು ಮಾಡುವಂತಿಲ್ಲ.

ಜನ ಎಡವುವುದು ಠಾಣೆಯ ಆಯ್ಕೆಯಲ್ಲಿ. ಹಾಸನ ನಗರದಲ್ಲೇ ನಗರ ಠಾಣೆ, ಬಡಾವಣೆ, ಪೆನ್ಷನ್ ಮೊಹಲ್ಲಾ, ಗ್ರಾಮಾಂತರ ಎಂದು ಬೇರೆ ಬೇರೆ ಇವೆ. ಆನ್‌ಲೈನ್ ವಂಚನೆಯಾದರೆ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆ. ಸಕಲೇಶಪುರದವರು ಮೂಡಿಗೆರೆಯಲ್ಲಿ ಹೋಗಿ ಹಿಡಿದರೂ ನಂಬರು ಸಕಲೇಶಪುರದ್ದೇ, ಚಿಕ್ಕಮಗಳೂರು ಜಿಲ್ಲೆಯಲ್ಲಿ ಹುಡುಕಿ ಪ್ರಯೋಜನವಿಲ್ಲ. ವ್ಯಾಪ್ತಿ ನೋಡದೆ ಬೇರೊಂದು ಠಾಣೆಯಲ್ಲಿ ದಾಖಲಿಸಿದ ಶೂನ್ಯ ಎಫ್‌ಐಆರ್ ವರ್ಗಾವಣೆಯಾದರೆ ಹೊಸ ಠಾಣೆಯಲ್ಲಿ ಹೊಸ ನಂಬರು ಬೀಳುತ್ತದೆ. ಇಸ್ಪೀಟು, ಅಂದರ್ ಬಾಹರ್ ಪ್ರಕರಣಗಳು ಕರ್ನಾಟಕ ಪೊಲೀಸ್ ಕಾಯ್ದೆ ಕಲಂ 87ರವು. ಹಿಡಿದ ಹೊತ್ತಿಗೂ ಎಫ್‌ಐಆರ್ ಹೊತ್ತಿಗೂ ನಡುವೆ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯುವ ಹಂತ ಬರುವುದರಿಂದ ದಿನಾಂಕ ಒಂದು ದಿನ ಆಚೀಚೆ ಆಗಿರಬಹುದು.

ಎಫ್‌ಐಆರ್ ಸಿಕ್ಕಿತು ಎಂದು ಅಲ್ಲಿಗೇ ನಿಲ್ಲಬೇಡಿ. ಅದು ದೂರಿನ ದಾಖಲೆ, ದಸ್ತಗಿರಿಯದಲ್ಲ. ಹಿಡಿದದ್ದು ಯಾವಾಗ, ಎಲ್ಲಿ, ಯಾರ ಸಾಕ್ಷಿಯಲ್ಲಿ ಎಂಬುದು ಮೆಮೋದಲ್ಲಿ ಇರುತ್ತದೆ. ಬಿ.ಎನ್.ಎಸ್.ಎಸ್. ಕಲಂ 36ರ ಪ್ರಕಾರ ಅದಕ್ಕೆ ಮನೆಯವರೊಬ್ಬರ ಅಥವಾ ಆ ಪ್ರದೇಶದ ಗೌರವಸ್ಥರೊಬ್ಬರ ಸಹಿ ಬೇಕು, ಬಂಧಿತನ ಸಹಿಯೂ ಬೇಕು. ಕಲಂ 48ರ ಪ್ರಕಾರ ಯಾರಿಗೆ ತಿಳಿಸಿದರು ಎಂಬುದು ಠಾಣೆಯ ಪುಸ್ತಕದಲ್ಲಿ ನಮೂದಾಗಬೇಕು. ಸುಪ್ರೀಂ ಕೋರ್ಟಿನ 2025ರ ನವೆಂಬರ್ 6ರ ಮಿಹಿರ್ ರಾಜೇಶ್ ಶಾ ತೀರ್ಪಿನ ನಂತರ, ದಸ್ತಗಿರಿಯ ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರವಣಿಗೆಯಲ್ಲಿ ಕೊಡಬೇಕು. ತಕ್ಷಣ ಆಗದಿದ್ದರೆ ಕೋರ್ಟಿಗೆ ಹಾಜರುಪಡಿಸುವ ಎರಡು ಗಂಟೆ ಮುಂಚೆಯಾದರೂ ಕೊಟ್ಟಿರಬೇಕು. ಮನೆಯವರು ಈ ಪ್ರತಿಯನ್ನು ವಕೀಲರ ಮೂಲಕ ಮೊದಲ ದಿನವೇ ಕೇಳಿ ಪಡೆಯಬೇಕು. ಹೊರಗಿನವರಿಗೆ ಇದು ಸಿಗುವುದಿಲ್ಲ.

ಹೊರಗಿನವರಿಗೆ ಹೆಚ್ಚು ಪ್ರಯೋಜನಕ್ಕೆ ಬರುವುದು ಕೋರ್ಟು. ಇ-ಕೋರ್ಟ್ಸ್ ತಾಣದಲ್ಲಿ ರಾಜ್ಯ, ಜಿಲ್ಲೆ, ಕೋರ್ಟ್ ಸಂಕೀರ್ಣ ಆಯ್ದು, ಎಫ್‌ಐಆರ್ ನಂಬರ್ ವಿಭಾಗಕ್ಕೆ ಹೋಗಿ ಠಾಣೆ, ನಂಬರ್, ವರ್ಷ ಕೊಡಿ. ಬಾಕಿ, ಇತ್ಯರ್ಥ ಎರಡನ್ನೂ ನೋಡಿ. ಏನೂ ಬರದಿದ್ದರೆ ಪ್ರಕರಣವೇ ಇಲ್ಲ ಎಂದುಕೊಳ್ಳಬೇಡಿ. ನಂಬರನ್ನು ಸಿಬ್ಬಂದಿ ಇನ್ನೂ ಸೇರಿಸಿರದಿರಬಹುದು. ಆಗ ಹಾಸನದ ಜಿಲ್ಲಾ ನ್ಯಾಯಾಲಯದ ಕ್ರಿಮಿನಲ್ ಮಿಸಲೇನಿಯಸ್ ಪ್ರಕರಣಗಳಲ್ಲಿ ಪಕ್ಷಗಾರರ ಹೆಸರಿನಿಂದ ಹುಡುಕುತ್ತೇನೆ. ಜಾಮೀನು ಅರ್ಜಿ ಅಲ್ಲಿ ಕಾಣುತ್ತದೆ, ಆದೇಶದಲ್ಲಿ ಮೊ.ನಂ., ಕಲಂಗಳು, ಎಷ್ಟೋ ಸಲ ದಸ್ತಗಿರಿಯ ದಿನಾಂಕವೂ ಇರುತ್ತದೆ. ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಹತ್ತು ಬಗೆ. ‘ಮಂಜುನಾಥ’ನಿಗೆ ‘ಎಚ್’ ಸೇರಿಸಿಯೂ ಬಿಟ್ಟೂ ನೋಡಬೇಕು. ಇಡೀ ಹೆಸರಿನ ಬದಲು ಮೊದಲ ನಾಲ್ಕೈದು ಅಕ್ಷರ ಕೊಟ್ಟರೆ ಸಾಕು.

ಆರ್ಡರ್ ಶೀಟು ಓದುವ ಕ್ರಮ ಒಂದಿದೆ. ರಿಮ್ಯಾಂಡ್ ದಿನದ ನಮೂದಿನಲ್ಲಿ ಹಾಜರುಪಡಿಸಿದ ಸಮಯ, ಪೊಲೀಸರಿಂದ ತೊಂದರೆಯಾಯಿತೇ ಎಂದು ಕೇಳಿದ್ದಕ್ಕೆ ಆರೋಪಿ ಹೇಳಿದ್ದು, ಯಾವ ದಿನದವರೆಗೆ ನ್ಯಾಯಾಂಗ ಬಂಧನ ಇಷ್ಟನ್ನು ಬರೆದುಕೊಳ್ಳಿ. ಅದರ ಪಕ್ಕದಲ್ಲಿ ಮೆಮೋದ ಸಮಯ, ಸರ್ಕಾರಿ ಆಸ್ಪತ್ರೆಯ ವೈದ್ಯಕೀಯ ತಪಾಸಣೆಯ ಸಮಯ ಇಡಿ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆ ಮೀರಿತೇ ಎಂಬುದು ಈ ಮೂರು ಸಮಯ ಸಾಲಾಗಿ ಇಟ್ಟಾಗ ತಿಳಿಯುತ್ತದೆ. ತಪಾಸಣೆಯ ಸಮಯ ಮೆಮೋಗಿಂತ ಮುಂಚಿನದಾಗಿದ್ದರೆ ಆ ಮೆಮೋದ ಮೇಲೆ ಪ್ರಶ್ನೆ ಎತ್ತಲು ವಕೀಲರಿಗೆ ಅದೇ ಸಾಕು. ಭಾನುವಾರ, ಹಬ್ಬದ ರಜೆಯಲ್ಲಿ ಪ್ರಭಾರ ಮ್ಯಾಜಿಸ್ಟ್ರೇಟರ ಮನೆಯಲ್ಲಿ ಹಾಜರುಪಡಿಸುವುದರಿಂದ ಮೊದಲ ನಮೂದು ಬೇರೆ ನ್ಯಾಯಾಧೀಶರ ಸಹಿಯಲ್ಲಿ ಇರುತ್ತದೆ. ಕಡತ ಆಮೇಲೆ ಬೇಲೂರೋ ಆಲೂರೋ ಅದರ ಸ್ವಂತ ಕೋರ್ಟಿಗೆ ಬರುತ್ತದೆ.

ದೃಢೀಕೃತ ಪ್ರತಿ ಬೇಕಾದರೆ ಕೋರ್ಟಿನ ನಕಲು ವಿಭಾಗಕ್ಕೆ ಅರ್ಜಿ. ಪ್ರಕರಣದ ಪಕ್ಷಗಾರರಲ್ಲದವರು ಸಾಮಾನ್ಯವಾಗಿ ಕಾರಣ ತಿಳಿಸಿ ಅಫಿಡವಿಟ್ ಕೊಡಬೇಕು, ನ್ಯಾಯಾಧೀಶರು ಒಪ್ಪಬೇಕು. ಕೋರ್ಟಿನ ಕಡತವನ್ನು ಆರ್‌ಟಿಐನಲ್ಲಿ ಕೇಳಿ ಸಮಯ ಹಾಳು ಮಾಡಬೇಡಿ. ಕೋರ್ಟಿನ ನಿಯಮದ ಪ್ರಕಾರವೇ ಪಡೆಯಬೇಕು ಎಂದು ಗುಜರಾತ್ ಹೈಕೋರ್ಟಿಗೆ ಸಂಬಂಧಿಸಿದ 2020ರ ಮಾರ್ಚ್ 4ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಚಾರ್ಜ್‌ಶೀಟಿನಲ್ಲಿ ಪ್ರತಿ ಆರೋಪಿಯ ದಸ್ತಗಿರಿ, ಜಾಮೀನಿನ ವಿವರ ಸಿಗುತ್ತದೆ. ಆದರೆ ಅದನ್ನು ವೆಬ್‌ಸೈಟಿಗೆ ಹಾಕಬೇಕೆಂಬ ಬೇಡಿಕೆಯನ್ನು 2023ರ ಜನವರಿ 20ರಂದು ಸೌರವ್ ದಾಸ್ ಪ್ರಕರಣದಲ್ಲಿ ಕೋರ್ಟು ತಳ್ಳಿಹಾಕಿದೆ.

ಇನ್ನು ಆರ್‌ಟಿಐ. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ, ಬಿಪಿಎಲ್‌ನವರಿಗೆ ಅರ್ಜಿ ಶುಲ್ಕವಿಲ್ಲ. ಇಲ್ಲಿನ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಈ ಒಂದು ಕಾರಣಕ್ಕೇ ಹಲವು ಅರ್ಜಿ ವಾಪಸು ಬರುತ್ತವೆ. ಪೋಸ್ಟಲ್ ಆರ್ಡರ್ ಯಾರ ಹೆಸರಿಗೆ ಎಂದು ಗೊಂದಲವಿದ್ದರೆ ಕಚೇರಿಯಲ್ಲೇ ನಗದು ಕಟ್ಟಿ ರಸೀದಿ ಪಡೆಯಿರಿ, ಅಥವಾ ರಾಜ್ಯದ ಆರ್‌ಟಿಐ ಆನ್‌ಲೈನ್ ತಾಣದಲ್ಲಿ ಹಾಕಿ. ನಾನು ಬಳಸುವ ಒಕ್ಕಣೆ ಹೀಗಿದೆ:

‘ವಿಷಯ: ಬಿ.ಎನ್.ಎಸ್.ಎಸ್. ಕಲಂ 37ರಂತೆ ಪ್ರಕಟಿಸಿದ ಮಾಹಿತಿ. ದಿನಾಂಕ ____ ರಿಂದ ____ ರವರೆಗೆ ತಮ್ಮ ಠಾಣೆಗೆ ಸಂಬಂಧಿಸಿದಂತೆ: 1) ಸದರಿ ಕಲಂನಡಿ ನಿಯೋಜಿತರಾದ ಅಧಿಕಾರಿಯ ಹುದ್ದೆ ಮತ್ತು ನಿಯೋಜನಾ ಆದೇಶದ ಪ್ರತಿ. 2) ಸದರಿ ಅವಧಿಯಲ್ಲಿ ಠಾಣೆಯಲ್ಲಿ ಪ್ರಕಟಿಸಿದ ಬಂಧಿತರ ಪಟ್ಟಿಯ ಪ್ರತಿ. 3) ಅದೇ ಅವಧಿಗೆ ಜಿಲ್ಲಾ ಕಂಟ್ರೋಲ್ ರೂಮಿಗೆ ಕಳುಹಿಸಿದ ವರದಿಯ ಪ್ರತಿ. ಅಪ್ರಾಪ್ತರು ಹಾಗೂ ಸಂತ್ರಸ್ತರ ಗುರುತನ್ನು ಆರ್‌ಟಿಐ ಕಲಂ 10ರಂತೆ ಮರೆಮಾಡಿ ಉಳಿದ ಭಾಗ ನೀಡುವುದು.’

ಅವಧಿ ಏಳು ದಿನ ಮೀರದಂತೆ ನೋಡಿಕೊಳ್ಳುತ್ತೇನೆ. ‘ಕಳೆದ ಐದು ವರ್ಷದ್ದು’ ಎಂದರೆ ಮಾಹಿತಿ ಬೃಹತ್ತಾಗಿದೆ ಎಂಬ ಸಿದ್ಧ ಉತ್ತರ ಬರುತ್ತದೆ. ‘ಏಕೆ ಬಂಧಿಸಿದಿರಿ’ ಎಂದು ಕೇಳಿದರೆ ಅದು ಪ್ರಶ್ನೆ, ದಾಖಲೆಯಲ್ಲ ಎನ್ನುತ್ತಾರೆ, ಅದು ಸರಿಯೂ ಹೌದು. ಒಬ್ಬರ ಹೆಸರು ಹಾಕಿ ಕೇಳಿದರೆ ವೈಯಕ್ತಿಕ ಮಾಹಿತಿ ಎಂದು ಕಲಂ 8(1)(ಜೆ) ತೋರಿಸುತ್ತಾರೆ. 2025ರ ನವೆಂಬರಿನಲ್ಲಿ ಆ ಕಲಂನ ತಿದ್ದುಪಡಿ ಜಾರಿಗೆ ಬಂದ ಮೇಲೆ ಇದು ಇನ್ನೂ ಸಲೀಸಾಗಿದೆ. ಬೇರೊಂದು ಕಾಯ್ದೆಯೇ ಎದ್ದು ಕಾಣುವಂತೆ ಹಾಕಬೇಕೆಂದ ಪಟ್ಟಿಯನ್ನು ವೈಯಕ್ತಿಕ ಎನ್ನುವುದು ಹೇಗೆ ಎಂಬುದು ನನ್ನ ವಾದ. ಜೊತೆಗೆ ಸಾರ್ವಜನಿಕ ಹಿತದ ಕಲಂ 8(2) ಹಾಗೇ ಉಳಿದಿದೆ, ಮೇಲ್ಮನವಿಯಲ್ಲಿ ಅದನ್ನು ಬರೆಯಲೇಬೇಕು. ತನಿಖೆ ನಡೆಯುತ್ತಿದೆ ಎಂದು 8(1)(ಎಚ್) ಹೇಳಿದರೆ, ತನಿಖೆ ಇದೆ ಎಂದರೆ ಸಾಲದು, ಮಾಹಿತಿ ಕೊಟ್ಟರೆ ಅದಕ್ಕೆ ಹೇಗೆ ಅಡ್ಡಿ ಎಂದು ತೋರಿಸಬೇಕು ಎಂಬ ದೆಹಲಿ ಹೈಕೋರ್ಟಿನ 2007ರ ಭಗತ್ ಸಿಂಗ್ ತೀರ್ಪು ಇದೆ. ಕೇಸ್ ಡೈರಿ ಮಾತ್ರ ಕೇಳಬೇಡಿ, ಅದು ಬರುವುದಿಲ್ಲ.

ಉತ್ತರಕ್ಕೆ 30 ದಿನ, ಸಹಾಯಕ ಮಾಹಿತಿ ಅಧಿಕಾರಿಗೆ ಕೊಟ್ಟಿದ್ದರೆ ಇನ್ನೂ 5 ದಿನ. ಮೊದಲ ಮೇಲ್ಮನವಿಗೆ 30 ದಿನ, ಮಾಹಿತಿ ಆಯೋಗಕ್ಕೆ 90 ದಿನ. ಜೀವ, ಸ್ವಾತಂತ್ರ್ಯದ ವಿಷಯಕ್ಕೆ 48 ಗಂಟೆ ಎಂಬ ನಿಯಮ ಇದೆಯಾದರೂ, ಕರೆದೊಯ್ದವರು ಎಲ್ಲಿದ್ದಾರೆ ಎಂದೇ ಗೊತ್ತಿಲ್ಲದಾಗ ಆರ್‌ಟಿಐ ಬರೆಯುತ್ತ ಕೂರುವುದಲ್ಲ. ಜಿಲ್ಲಾ ಕಂಟ್ರೋಲ್ ರೂಮಿಗೆ ಫೋನ್ ಮಾಡಿ ಕರೆಯ ಸಮಯ ಬರೆದಿಡಿ. ಕೋರ್ಟ್ ಆವರಣದ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಸಹಾಯವಾಣಿ 15100. ಎಸ್ಪಿಯವರಿಗೆ ಇ-ಮೇಲ್ ಹಾಕಿ, ಅದರಲ್ಲೇ ಠಾಣೆಯ ಸಿಸಿಟಿವಿ ದೃಶ್ಯ ಉಳಿಸಿಡಲು ಕೋರಿ. ಸುಪ್ರೀಂ ಕೋರ್ಟಿನ 2020ರ ಪರಮ್‌ವೀರ್ ಸಿಂಗ್ ಸೈನಿ ತೀರ್ಪಿನಂತೆ 18 ತಿಂಗಳು ಇಡಬೇಕೆಂದಿದ್ದರೂ ಬರವಣಿಗೆಯ ಕೋರಿಕೆ ಇರುವುದು ಒಳ್ಳೆಯದು. 24 ಗಂಟೆ ಕಳೆದರೂ ಸುಳಿವಿಲ್ಲದಿದ್ದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಹಿಡಿದವರನ್ನು ಕೋರ್ಟಿನ ಮುಂದೆ ತರಿಸಿ ಎಂಬ ಅರ್ಜಿ.

ಸಿಕ್ಕಿದ್ದನ್ನೆಲ್ಲ ಅಚ್ಚು ಹಾಕುವಂತಿಲ್ಲ. ಬಾಲಕರ ಗುರುತು ಬಯಲಾದರೆ ಬಾಲನ್ಯಾಯ ಕಾಯ್ದೆ ಕಲಂ 74ರ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಅತ್ಯಾಚಾರ ಸಂತ್ರಸ್ತೆಯ ಗುರುತಿಗೆ ಬಿ.ಎನ್.ಎಸ್. (ಭಾರತೀಯ ನ್ಯಾಯ ಸಂಹಿತೆ) ಕಲಂ 72. ಇಲ್ಲಿ ಹೆಸರು ಬಿಟ್ಟರೆ ಸಾಲದು. ಆರೋಪಿ ಚಿಕ್ಕಪ್ಪ ಎಂದೂ ಊರು ಗಂಡಸಿ ಹೋಬಳಿಯ ಇಂಥ ಹಳ್ಳಿ ಎಂದೂ ಬರೆದರೆ ಹುಡುಗಿ ಯಾರೆಂದು ಊರಿಗೆಲ್ಲ ತಿಳಿಯುತ್ತದೆ. ಅಂಥ ಸುದ್ದಿಯಲ್ಲಿ ತಾಲ್ಲೂಕಿನ ಹೆಸರಿಗೇ ನಿಲ್ಲಿಸುತ್ತೇನೆ. ಉಳಿದ ಪ್ರಕರಣಗಳಲ್ಲೂ ಮನೆ ನಂಬರು, ಅಡ್ಡರಸ್ತೆ ಹಾಕುವುದಿಲ್ಲ, ಕಾನೂನು ಫಲಕಕ್ಕೆ ವಿಳಾಸ ಬೇಕೆಂದಿದ್ದರೂ ಪತ್ರಿಕೆಗೆ ಅದು ಬೇಕಿಲ್ಲ. ಹೆಸರು ಹಾಕಿದ ಪ್ರತಿ ಪ್ರಕರಣದ ಸಿ.ಎನ್.ಆರ್. ನಂಬರು (ಇ-ಕೋರ್ಟ್ಸ್ ತಾಣದಲ್ಲಿ ಆ ಪ್ರಕರಣಕ್ಕೆ ಮಾತ್ರ ಇರುವ ನಂಬರು) ಒಂದು ಪುಸ್ತಕದಲ್ಲಿ ಇರುತ್ತದೆ, ಖುಲಾಸೆಯಾದರೆ ಅದೇ ಪುಟದಲ್ಲಿ ಅಷ್ಟೇ ದೊಡ್ಡದಾಗಿ ಹಾಕಲು.

ಕಾಫಿ ತೋಟದವರು, ಮನೆ ಬಾಡಿಗೆ ಕೊಡುವವರು ಹೊರರಾಜ್ಯದ ಕೆಲಸಗಾರರ ‘ಹಿನ್ನೆಲೆ’ ತಿಳಿಯಲು ಈ ದಾರಿಗಳನ್ನೆಲ್ಲ ಕೇಳುತ್ತಾರೆ. ಅವರಿಗೆ ಇದು ಯಾವುದೂ ಬೇಡ. ಸೇವಾ ಸಿಂಧುವಿನಲ್ಲಿ ಪೊಲೀಸ್ ಪರಿಶೀಲನಾ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದರೆ ಸಾಕು.